ಶಿವನಸಮುದ್ರದಿಂದ ಪಾವಗಡಕ್ಕೆ: ನಡುವಣ ಪೆಟ್ಟಿಗೆಯ ಕಥೆ

ಕನ್ನಡ ನಾಡಿನ ವಿದ್ಯುತ್ತಿನ ಇತಿಹಾಸವನ್ನು ಹೇಳುವವರೆಲ್ಲ ಸಾಮಾನ್ಯವಾಗಿ ಜಲಪಾತದಿಂದ ಆರಂಭಿಸುತ್ತಾರೆ. ಕಾವೇರಿ ಧುಮುಕುತ್ತಾಳೆ, ದಿವಾನ್ ಶೇಷಾದ್ರಿ ಅಯ್ಯರ್ ಅವರಿಗೆ ದೂರದೃಷ್ಟಿ ಇತ್ತು, 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಈಚಿನ ವರ್ಷಗಳಲ್ಲಿ ಇದಕ್ಕೆ ಪಾವಗಡದ ಬಿಸಿಲಿನ ಅಧ್ಯಾಯವೂ ಸೇರಿದೆ. ನೀರೂ ಬಿಸಿಲೂ ದೇವರು ಕೊಟ್ಟವು. ಅವನ್ನು ಹೊಗಳುವುದು ಸುಲಭ. ಆದರೆ ಧುಮುಕುವ ನೀರಿಗೂ ಉರಿಯುವ ದೀಪಕ್ಕೂ ನಡುವೆ, ಮಾಳಿಗೆಯ ಮೇಲಿನ ಬಿಸಿಲಿಗೂ ಅಡಿಗೆಮನೆಯ ಮಿಕ್ಸಿಗೂ ನಡುವೆ, ಯಾರ ಕಣ್ಣಿಗೂ ಬೀಳದ ಒಂದು ಪೆಟ್ಟಿಗೆ ಕುಳಿತಿರುತ್ತದೆ. ಮೊದಲನೆಯ ಪ್ರಸಂಗದಲ್ಲಿ ಅದರ ಹೆಸರು ಟ್ರಾನ್ಸ್‌ಫಾರ್ಮರ್, ಎರಡನೆಯದರಲ್ಲಿ ಇನ್ವರ್ಟರ್. ಈ ಪೆಟ್ಟಿಗೆಯಿಲ್ಲದೆ ಜಲಪಾತ ಬರಿಯ ನೋಟ, ಬಿಸಿಲು ಬರಿಯ ಬೇಗೆ. ಅದರ ಕಥೆ ನಾವಿರುವ ಶಿಕಾಗೋ ಸೀಮೆಯ ಮೂಲಕ ಒಂದಕ್ಕಿಂತ ಹೆಚ್ಚು ಸಲ ಹಾದು ಹೋಗುತ್ತದೆ, ಬೆಂಗಳೂರಿನ ಜಾಲಹಳ್ಳಿಯ ಮೂಲಕವೂ ಹಾದು ಹೋಗುತ್ತದೆ. ಆದ್ದರಿಂದ ನಮ್ಮ ಪತ್ರಿಕೆಯ ಓದುಗರಿಗೆ ಹೇಳಲು ತಕ್ಕದ್ದೆಂದು ಭಾವಿಸಿ ಬರೆಯುತ್ತಿದ್ದೇನೆ. ನಾನು ವೃತ್ತಿಯಿಂದ ರಸಾಯನಶಾಸ್ತ್ರದವನು, ಎಂಜಿನಿಯರನಲ್ಲ. ಕೂಟದಲ್ಲಿ ಎಂಜಿನಿಯರುಗಳ ಸಂಖ್ಯೆ ದೊಡ್ಡದು. ಅವರು ಸ್ವಲ್ಪ ತಾಳ್ಮೆಯಿಂದ ಓದಬೇಕು.

ವಿದ್ಯುತ್ತಿನಲ್ಲಿ ಎರಡು ಬಗೆ. ಬ್ಯಾಟರಿಯಿಂದ ಬರುವುದು ಒಂದೇ ದಿಕ್ಕಿನಲ್ಲಿ ಹರಿಯುವ ಏಕಮುಖ ವಿದ್ಯುತ್ತು, ಅಂದರೆ ಡಿ.ಸಿ. ಗೋಡೆಯ ಪ್ಲಗ್ಗಿನಲ್ಲಿ ಬರುವುದು ದಿಕ್ಕು ಬದಲಿಸುತ್ತಲೇ ಇರುವ ಎ.ಸಿ. ಇಲ್ಲಿ ಅಮೆರಿಕದಲ್ಲಿ ಅದು ಸೆಕೆಂಡಿಗೆ 60 ಆವರ್ತ, ಊರಿನಲ್ಲಿ 50. ಎ.ಸಿ.ಯ ದೊಡ್ಡ ಗುಣವೆಂದರೆ ಅದರ ವೋಲ್ಟೇಜನ್ನು ಚಲಿಸುವ ಭಾಗ ಒಂದೂ ಇಲ್ಲದೆ ಏರಿಸಬಹುದು, ಇಳಿಸಬಹುದು. ಕಬ್ಬಿಣದ ಮೇಲೆ ಎರಡು ಸುರುಳಿ ತಂತಿ ಸುತ್ತಿದರೆ ಸಾಕು. ಇದನ್ನು ಮೊದಲು ಸುತ್ತಿದವರು ಮೈಕೆಲ್ ಫ್ಯಾರಡೆ, 1831ರ ಆಗಸ್ಟಿನಲ್ಲಿ, ಲಂಡನ್ನಿನಲ್ಲಿ. ಆಗ ರಬ್ಬರು ಹೊದಿಸಿದ ತಂತಿ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಅವರು ಮೆತು ಕಬ್ಬಿಣದ ಬಳೆಗೆ ತಾಮ್ರದ ತಂತಿ ಸುತ್ತಿ, ಸುತ್ತುಗಳ ನಡುವೆ ನೂಲಿನ ಹುರಿ ಮತ್ತು ಹತ್ತಿ ಬಟ್ಟೆ ಇಟ್ಟರು. ಜಗತ್ತಿನ ಮೊದಲ ಟ್ರಾನ್ಸ್‌ಫಾರ್ಮರು ಹೀಗೆ ಅಪ್ಪಟ ಕೈಕೆಲಸದ ವಸ್ತು. ಫ್ಯಾರಡೆ ಮೂಲತಃ ರಸಾಯನಶಾಸ್ತ್ರಜ್ಞರು ಎಂಬುದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬಾರದು.

ಆ ಬಳೆ ಕೆಲಸಕ್ಕೆ ಬರುವ ಯಂತ್ರವಾಗಲು ಅರ್ಧ ಶತಮಾನ ಹಿಡಿಯಿತು. 1885ರಲ್ಲಿ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯ ಮೂವರು, ಜಿಪೆರ್ನೋವ್‌ಸ್ಕಿ, ಬ್ಲಾತಿ ಮತ್ತು ದೇರಿ, ಮುಚ್ಚಿದ ಕಬ್ಬಿಣದ ಹೃದಯವುಳ್ಳ ಟ್ರಾನ್ಸ್‌ಫಾರ್ಮರನ್ನು ಮಾಡಿದರು. 1886ರ ಮಾರ್ಚಿನಲ್ಲಿ ವಿಲಿಯಂ ಸ್ಟ್ಯಾನ್ಲಿ ಮ್ಯಾಸಚೂಸೆಟ್ಸಿನ ಗ್ರೇಟ್ ಬ್ಯಾರಿಂಗ್ಟನ್ ಎಂಬ ಸಣ್ಣ ಊರಿನಲ್ಲಿ ಎ.ಸಿ. ದೀಪಗಳನ್ನು ಹಚ್ಚಿ ತೋರಿಸಿದರು. ಎಡಿಸನ್ ಪಕ್ಷದವರು ಡಿ.ಸಿ.ಯನ್ನೇ ಹಿಡಿದಿದ್ದರು. ಅವರ ಕೇಂದ್ರದಿಂದ ಒಂದು ಮೈಲಿಯ ಆಚೆಗೆ ದೀಪ ಮಂಕಾಗುತ್ತಿತ್ತು, ಏಕೆಂದರೆ ವೋಲ್ಟೇಜನ್ನು ಏರಿಸಿ ಕಳಿಸುವ ಉಪಾಯ ಅವರಲ್ಲಿರಲಿಲ್ಲ.

ಈ ಜಗಳ ಬಹುಮಟ್ಟಿಗೆ ತೀರ್ಮಾನವಾದದ್ದು ನಮ್ಮ ಶಿಕಾಗೋದಲ್ಲಿ, 1893ರ ಜಗತ್ ಪ್ರದರ್ಶನದಲ್ಲಿ. ಜ್ಯಾಕ್ಸನ್ ಪಾರ್ಕಿನ ಆ ಬಿಳಿಯ ಅರಮನೆಗಳಿಗೆ ದೀಪ ಹಾಕುವ ಗುತ್ತಿಗೆಯನ್ನು ವೆಸ್ಟಿಂಗ್‌ಹೌಸ್ ಕಂಪನಿ ಜನರಲ್ ಎಲೆಕ್ಟ್ರಿಕ್ ಕಂಪನಿಗಿಂತ ಕಡಿಮೆ ದರ ಹೇಳಿ ಗೆದ್ದುಕೊಂಡಿತು. ಎ.ಸಿ.ಯಿಂದ ಒಂದು ನಗರದಷ್ಟು ದೀಪ ಉರಿಸಬಹುದೆಂದು ಲಕ್ಷಾಂತರ ಜನ ಕಣ್ಣಾರೆ ಕಂಡರು. ಅದೇ ಸೆಪ್ಟೆಂಬರಿನಲ್ಲಿ ಮಿಷಿಗನ್ ಅವೆನ್ಯೂದಲ್ಲಿ ಸರ್ವಧರ್ಮ ಸಮ್ಮೇಳನ ನಡೆದು ಸ್ವಾಮಿ ವಿವೇಕಾನಂದರು ಮಾತನಾಡಿದ್ದು ನಮಗೆಲ್ಲ ಗೊತ್ತು. ಅದಕ್ಕೆ ಹಿಂದಿನ ವರ್ಷ ಮೈಸೂರು ಸಂಸ್ಥಾನದಲ್ಲಿ ಅವರನ್ನು ಅತಿಥಿಯಾಗಿ ಇರಿಸಿಕೊಂಡವರು ಇದೇ ಶೇಷಾದ್ರಿ ಅಯ್ಯರ್. ಚಾಮರಾಜೇಂದ್ರ ಒಡೆಯರಿಗೆ ಪರಿಚಯಿಸಿದವರೂ ಅವರೇ. ಶಿಕಾಗೋದ ಆ ಒಂದು ಬೇಸಗೆಯಲ್ಲಿ ನಡೆದ ಎರಡು ಸಂಗತಿಗಳಿಗೂ ಮೈಸೂರಿನ ಆ ದಿವಾನರಿಗೂ ನಂಟಿದೆ ಎಂದರೆ ತಪ್ಪಾಗದು. ಒಂದನ್ನು ಮಾತ್ರ ನಾವು ಪ್ರತಿವರ್ಷ ಸ್ಮರಿಸುತ್ತೇವೆ.

ಕೋಲಾರದ ಗಣಿಗಳಿಗೆ ಶಕ್ತಿ ಬೇಕಾಗಿತ್ತು. ಕಲ್ಲು ಕುಟ್ಟುವ ಯಂತ್ರ, ಗಾಳಿ ಊದುವ ಯಂತ್ರ, ನೀರೆತ್ತುವ ಪಂಪು ಎಲ್ಲವೂ ಉಗಿಯಿಂದ ನಡೆಯುತ್ತಿದ್ದವು, ಉಗಿಗೆ ಕಲ್ಲಿದ್ದಲು ದೂರದಿಂದ ಬರಬೇಕಾಗಿತ್ತು. ಶಿವನಸಮುದ್ರದಲ್ಲಿ ಶಕ್ತಿಯಿತ್ತು, ಆದರೆ ನಡುವೆ 92 ಮೈಲಿ. ಸಂಸ್ಥಾನದ ಎಂಜಿನಿಯರ್ ಆಗಿದ್ದ ಜೋಲಿ ದ ಲೋಬಿನಿಯೇರ್ ಎಂಬ ಅಧಿಕಾರಿ, ಕೆನಡದ ಕ್ವಿಬೆಕ್ ಪ್ರಾಂತದ ಫ್ರೆಂಚ್ ಮನೆತನದವರು, ಯೂರೋಪು ಮತ್ತು ಅಮೆರಿಕಗಳಿಗೆ ಹೋಗಿ ಅಲ್ಲಿನ ವಿದ್ಯುದಾಗಾರಗಳನ್ನು ನೋಡಿ ಬಂದು ಯೋಜನೆಗೆ ರೂಪ ಕೊಟ್ಟರು. ನೀರಿನ ಚಕ್ರಗಳು ಜೂರಿಕ್ಕಿನ ಎಷರ್ ವಿಸ್ ಕಂಪನಿಯವು. ವಿದ್ಯುತ್ ಯಂತ್ರಗಳು ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಶಿಕಾಗೋದ ಗುತ್ತಿಗೆಯನ್ನು ಕಳೆದುಕೊಂಡಿದ್ದ ಅದೇ ಕಂಪನಿ ಅಷ್ಟು ಹೊತ್ತಿಗೆ ಎ.ಸಿ.ಗೆ ಶರಣಾಗಿತ್ತು. ಅದರ ಮುಖ್ಯ ಕಾರ್ಖಾನೆ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿತ್ತು. ಈ ಊರಿನ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಭಾರವಾದ ಭಾಗಗಳು ರೈಲಿನಿಂದಿಳಿದು ಎತ್ತಿನಗಾಡಿ ಮತ್ತು ಆನೆಗಳ ಸಹಾಯದಿಂದ ಬ್ಲಫ್ ಎಂಬ ಜಾಗವನ್ನು ಮುಟ್ಟಿದವು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಪೆಟ್ಟಿಗೆಯ ಮಹಿಮೆ ಲೆಕ್ಕದಲ್ಲಿಯೇ ಇದೆ. ಗಣಿಗಳಿಗೆ ಮೊದಲು ಬೇಕಾಗಿದ್ದುದು ಸುಮಾರು 4,000 ಅಶ್ವಶಕ್ತಿ, ಎಂದರೆ ಸುಮಾರು 3,000 ಕಿಲೋವಾಟ್. ಜನರೇಟರುಗಳಿಂದ ಹೊರಡುತ್ತಿದ್ದ ವೋಲ್ಟೇಜು 2,200. ಅದೇ ವೋಲ್ಟೇಜಿನಲ್ಲಿ ಕಳಿಸಿದ್ದರೆ ಮೂರು ತಂತಿಗಳಲ್ಲಿ ಒಂದೊಂದರಲ್ಲಿಯೂ ಸುಮಾರು 790 ಆಂಪಿಯರ್ ಹರಿಯಬೇಕಾಗುತ್ತಿತ್ತು. ಟ್ರಾನ್ಸ್‌ಫಾರ್ಮರಿನಿಂದ 35,000 ವೋಲ್ಟಿಗೆ ಏರಿಸಿದಾಗ ಅದೇ ಕೆಲಸಕ್ಕೆ 50 ಆಂಪಿಯರ್ ಸಾಕಾಯಿತು. ತಂತಿ ಬಿಸಿಯಾಗಿ ಆಗುವ ನಷ್ಟವು ಆಂಪಿಯರಿನ ವರ್ಗದಂತೆ ಏರುತ್ತದೆ. ಆದ್ದರಿಂದ ಹರಿವು 16ರಲ್ಲಿ ಒಂದು ಪಾಲಾದರೆ ನಷ್ಟ 250ರಲ್ಲಿ ಒಂದು ಪಾಲಾಗುತ್ತದೆ. ಪೆಟ್ಟಿಗೆ ಇಲ್ಲದಿದ್ದರೆ ಕಾವೇರಿಯ ಶಕ್ತಿಯೆಲ್ಲ ಮಳವಳ್ಳಿಯ ಹತ್ತಿರದ ಗಾಳಿಯನ್ನು ಬೆಚ್ಚಗೆ ಮಾಡಿ ಮುಗಿಯುತ್ತಿತ್ತು.

1902ರ ಜೂನ್ ಕೊನೆಯಲ್ಲಿ ಗಣಿಗೆ ವಿದ್ಯುತ್ತು ಮುಟ್ಟಿತು. ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ. 1901ರ ಸೆಪ್ಟೆಂಬರಿನಲ್ಲಿಯೇ ತೀರಿಕೊಂಡಿದ್ದರು. ಬೆಂಗಳೂರಿನ ದೀಪಗಳು 1905ರ ಆಗಸ್ಟ್ 5ರಂದು ಹತ್ತಿದವು.

ಸಭೆಗಳಲ್ಲಿ ನಾವು ಹೇಳಿಕೊಳ್ಳುವ ಎರಡು ಮಾತುಗಳನ್ನು ಇಲ್ಲಿ ಸರಿಪಡಿಸುವುದು ಒಳ್ಳೆಯದು. ಶಿವನಸಮುದ್ರ ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಎನ್ನುವುದು ಸರಿಯಲ್ಲ. ಡಾರ್ಜೀಲಿಂಗ್ ಬಳಿಯ ಸಿದ್ರಾಪೊಂಗ್ 1897ರಲ್ಲಿಯೇ ಶುರುವಾಗಿತ್ತು, ಚಿಕ್ಕದಾದರೂ. ಜಗತ್ತಿನಲ್ಲಿಯೇ ಅತ್ಯಂತ ಉದ್ದದ ತಂತಿ ಮಾರ್ಗ ಎನ್ನುವುದೂ ಪೂರ್ತಿ ಸರಿಯಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕೋಲ್ಗೇಟ್ ಎಂಬಲ್ಲಿಂದ ಓಕ್ಲೆಂಡಿಗೆ ಸುಮಾರು 140 ಮೈಲಿಯ ಮಾರ್ಗ 1901ರಲ್ಲಿಯೇ ಸಿದ್ಧವಾಗಿತ್ತು. ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲಿ ಒಂದು ಎಂದರೆ ಸಾಕು. ಇಂಗ್ಲೆಂಡಿನ ಬಹಳಷ್ಟು ಪಟ್ಟಣಗಳು ಹತ್ತಿರದ ಕೇಂದ್ರದಿಂದಲೇ ದೀಪ ಹಚ್ಚಿಕೊಳ್ಳುತ್ತಿದ್ದ ಕಾಲದಲ್ಲಿ ಒಂದು ದೇಶೀ ಸಂಸ್ಥಾನ 92 ಮೈಲಿಗೆ ಕೈ ಹಾಕಿತಲ್ಲ, ಅದಕ್ಕೆ ಉತ್ಪ್ರೇಕ್ಷೆಯ ಒಗ್ಗರಣೆ ಬೇಡ.

ಕೊಂಡು ತಂದ ಪೆಟ್ಟಿಗೆಯನ್ನು ನಾವೇ ಮಾಡಲು ಕಲಿತದ್ದು ಯಾವಾಗ? ಇತಿಹಾಸದ ಪುಸ್ತಕಗಳು ಈ ಭಾಗವನ್ನು ಓಡಿಸಿಬಿಡುತ್ತವೆ. 1930ರ ದಶಕದಲ್ಲಿ, ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯಲ್ಲಿ, ಬೆಂಗಳೂರಿನಲ್ಲಿ ಸರ್ಕಾರಿ ವಿದ್ಯುತ್ ಕಾರ್ಖಾನೆ ಆರಂಭವಾಗಿ ಟ್ರಾನ್ಸ್‌ಫಾರ್ಮರುಗಳನ್ನು ಮಾಡತೊಡಗಿತು. ಇಂದಿನ ಕವಿಕ, ಎಂದರೆ ಕರ್ನಾಟಕ ವಿದ್ಯುತ್ ಕಾರ್ಖಾನೆ, ಅದರ ವಾರಸುದಾರ. ಅದೇ ದಶಕದಲ್ಲಿ ಮಲ್ಲೇಶ್ವರದ ಕಡೆ ಸರ್ಕಾರಿ ಪಿಂಗಾಣಿ ಕಾರ್ಖಾನೆ ಎದ್ದಿತು. ಕಪ್ಪು ಬಸಿಗಿಂತ ಮುಖ್ಯವಾಗಿ ಅಲ್ಲಿ ಬೇಕಾಗಿದ್ದುದು ವಿದ್ಯುತ್ ಕಂಬದ ಮೇಲೆ ತಂತಿಯನ್ನು ಹಿಡಿಯುವ ಪಿಂಗಾಣಿ ಇನ್ಸುಲೇಟರುಗಳು. ಈ ಕಾರ್ಖಾನೆ ಮುಂದೆ ಬಿ.ಎಚ್.ಇ.ಎಲ್. ಕೈಗೆ ಬಂದು, 1980ರ ದಶಕದಲ್ಲಿ ಸೌರಕೋಶಗಳನ್ನೂ ಮಾಡತೊಡಗಿತು ಎಂಬುದು ಸ್ವಾರಸ್ಯದ ಸಂಗತಿ. ಮಣ್ಣು ಸುಡುವ ಕುಲುಮೆಯವರು ಮರಳಿನಿಂದ ಬಂದ ಸಿಲಿಕಾನಿಗೆ ಬಂದರು.

ಕಾರ್ಖಾನೆಗಳಿಗಿಂತ ಹೆಚ್ಚಾಗಿ ಈ ವಿದ್ಯೆ ಹರಡಿದ್ದು ವೈಂಡಿಂಗ್ ಅಂಗಡಿಗಳಿಂದ. ಪಂಪ್‌ಸೆಟ್ಟುಗಳು ಹಳ್ಳಿಗೆ ಬಂದ ಮೇಲೆ ಪ್ರತಿ ತಾಲ್ಲೂಕು ಪೇಟೆಯಲ್ಲೂ ಒಂದು ಮೋಟಾರ್ ವೈಂಡಿಂಗ್ ಅಂಗಡಿ ಹುಟ್ಟಿತು. ಬಾಗಿಲಲ್ಲಿ ಸುಟ್ಟ ತಾಮ್ರದ ತಂತಿಯ ರಾಶಿ, ಒಳಗೆ ವಾರ್ನಿಷ್ ವಾಸನೆ, ಸ್ಟೂಲಿನ ಮೇಲೆ ಕೂತು ಸುತ್ತು ಎಣಿಸುತ್ತಿರುವ ಹುಡುಗ. ಊರಿನಿಂದ ಬಂದ ನಮಗೆ ಇದನ್ನು ವರ್ಣಿಸಬೇಕಾಗಿಲ್ಲ. ರೈತರು ಟ್ರಾನ್ಸ್‌ಫಾರ್ಮರನ್ನು ಟಿ.ಸಿ. ಎನ್ನುತ್ತಾರೆ. ಟಿ.ಸಿ. ಸುಟ್ಟಿದೆ ಎಂಬ ಎರಡು ಪದಗಳಲ್ಲಿ ಒಣಗುತ್ತಿರುವ ಬೆಳೆ, ಕಚೇರಿಗೆ ಅಲೆದಾಟ, ಟ್ರ್ಯಾಕ್ಟರಿನ ಬಾಡಿಗೆ ಎಲ್ಲವೂ ಅಡಗಿವೆ. ಜಗತ್ತಿನ ಉದ್ದದ ತಂತಿಯ ವಿಷಯ ಅವರ ಕಿವಿಗೆ ಬಿದ್ದಿರಲಾರದು, ಆದರೆ ನಡುವಣ ಪೆಟ್ಟಿಗೆಯ ಬೆಲೆ ಅವರಷ್ಟು ತಿಳಿದವರು ಇಲ್ಲ.

ಈಗ ಕಥೆಯ ಎರಡನೆಯ ಪೆಟ್ಟಿಗೆ. ಟ್ರಾನ್ಸ್‌ಫಾರ್ಮರಿಗೆ ಒಂದು ದೌರ್ಬಲ್ಯವಿದೆ: ಡಿ.ಸಿ.ಯ ಮುಂದೆ ಅದು ಮೂಕ. ಬದಲಾಗುವ ಹರಿವಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಹಾಗಾದರೆ ಎ.ಸಿ.ಯನ್ನು ಡಿ.ಸಿ. ಮಾಡುವುದು, ಡಿ.ಸಿ.ಯನ್ನು ಎ.ಸಿ. ಮಾಡುವುದು ಹೇಗೆ? ಇದಕ್ಕೂ ಶಿಕಾಗೋ ಒಂದು ಪ್ರಯೋಗಶಾಲೆ. 1892ರಲ್ಲಿ ಇಲ್ಲಿಗೆ ಬಂದ ಸ್ಯಾಮ್ಯುಯೆಲ್ ಇನ್ಸುಲ್ ನಗರದ ನಡುಭಾಗದಲ್ಲಿ ಆಗಲೇ ಇದ್ದ ಡಿ.ಸಿ. ಜಾಲವನ್ನು ಕಿತ್ತುಹಾಕದೆ, ದೂರದಿಂದ ಎ.ಸಿ. ತಂದು ತಿರುಗುವ ಪರಿವರ್ತಕ ಯಂತ್ರಗಳ ಮೂಲಕ ಡಿ.ಸಿ. ಮಾಡಿ ಹಂಚಿದರು. ರೋಟರಿ ಕನ್ವರ್ಟರ್ ಎಂಬ ಈ ಯಂತ್ರ ಆಳೆತ್ತರದ್ದು; ಅದನ್ನು ಹಿಂದುಮುಂದಾಗಿ ಓಡಿಸಿದರೆ ಡಿ.ಸಿ. ಎ.ಸಿ.ಯಾಗುತ್ತಿತ್ತು. ಹೀಗೆ ತಲೆಕೆಳಗಾಗಿ ಓಡಿಸುವುದನ್ನು ಎಂಜಿನಿಯರುಗಳು ಇನ್ವರ್ಟೆಡ್ ಎಂದು ಕರೆಯುತ್ತಿದ್ದರು. 1925ರಲ್ಲಿ ಜನರಲ್ ಎಲೆಕ್ಟ್ರಿಕ್ಕಿನ ಡೇವಿಡ್ ಪ್ರಿನ್ಸ್ ಚಕ್ರವೇ ಇಲ್ಲದ, ನಿರ್ವಾತ ಕೊಳವೆಗಳ ಮಂಡಲದ ಬಗ್ಗೆ ಬರೆದ ಲೇಖನಕ್ಕೆ ಇನ್ವರ್ಟರ್ ಎಂದೇ ಹೆಸರಿಟ್ಟರು. ನಮ್ಮ ಮನೆಮನೆಯ ಮಾತಾದ ಆ ಹೆಸರಿನ ಮೂಲ ಹೀಗೆ.

ಆಗಿನ್ನೂ ಬಿಸಿಲಿನಿಂದ ನೇರವಾಗಿ ವಿದ್ಯುತ್ತು ತೆಗೆಯುವ ಉಪಯುಕ್ತ ಸಾಧನ ಇರಲಿಲ್ಲ. ಅದನ್ನು 1954ರಲ್ಲಿ ಕೊಟ್ಟವರು ನ್ಯೂಜರ್ಸಿಯ ಬೆಲ್ ಪ್ರಯೋಗಶಾಲೆಯ ಮೂವರು: ಡೆರಿಲ್ ಚೇಪಿನ್, ಜೆರಾಲ್ಡ್ ಪಿಯರ್ಸನ್ ಮತ್ತು ಕ್ಯಾಲ್ವಿನ್ ಫುಲ್ಲರ್. ಈ ಫುಲ್ಲರ್ ನಮ್ಮ ಶಿಕಾಗೋದಲ್ಲಿ ಹುಟ್ಟಿದವರು, 1902ರಲ್ಲಿ, ಶಿವನಸಮುದ್ರದ ವರ್ಷದಲ್ಲಿ. ಶಿಕಾಗೋ ವಿಶ್ವವಿದ್ಯಾಲಯದಲ್ಲಿ 1929ರಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಪಡೆದವರು. ಸಿಲಿಕಾನಿನ ಮೇಲ್ಮೈಗೆ ಬೋರಾನ್ ಪರಮಾಣುಗಳನ್ನು ಬಿಸಿಯಿಂದ ತೆಳುವಾಗಿ ಇಳಿಸುವ ಅವರ ವಿಧಾನವೇ ಈ ಕೋಶದ ಜೀವಾಳ. ಕಾಸಿ, ಕಾದು, ಅಳೆದು ನೋಡುವ ನಮ್ಮ ರಸಾಯನಶಾಲೆಯ ಕೆಲಸ ಅದು. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಆರು ಪಾಲು ವಿದ್ಯುತ್ತಾಯಿತು. 1954ರ ಏಪ್ರಿಲ್ 25ರಂದು ಪತ್ರಿಕೆಯವರ ಮುಂದೆ ಆ ಕೋಶಗಳಿಂದ ಅವರು ತಿರುಗಿಸಿ ತೋರಿಸಿದ್ದು ಒಂದು ಆಟದ ಫೆರಿಸ್ ಚಕ್ರವನ್ನು. ಫೆರಿಸ್ ಚಕ್ರ ಮೊದಲು ತಿರುಗಿದ್ದು 1893ರ ಶಿಕಾಗೋ ಪ್ರದರ್ಶನದಲ್ಲಿ. ಯಾರೂ ಬೇಕೆಂದು ಜೋಡಿಸಿದ್ದಲ್ಲ, ಆದರೂ ಜೋಡಿಯಾಗಿದೆ.

ಒಂದು ಸೌರಕೋಶ ಕೊಡುವುದು ಅರ್ಧ ವೋಲ್ಟ್, ಅದೂ ಡಿ.ಸಿ. ಎಷ್ಟು ಕೋಶ ಪೋಣಿಸಿದರೂ ಡಿ.ಸಿ. ಡಿ.ಸಿ.ಯೇ. ಆದ್ದರಿಂದ ಬಿಸಿಲು ಮನೆಯೊಳಗೆ ಬರಬೇಕಾದರೆ ಇನ್ವರ್ಟರು ಬಾಗಿಲು ತೆರೆಯಬೇಕು.

ಕರ್ನಾಟಕದಲ್ಲಿ ಮಾತ್ರ ಇನ್ವರ್ಟರು ಮನೆಗೆ ಬಂದದ್ದು ಬಿಸಿಲಿನ ನೆಪದಲ್ಲಲ್ಲ, ಕತ್ತಲೆಯ ನೆಪದಲ್ಲಿ. 1985ರಲ್ಲಿ ರಾಯಚೂರಿನ ಶಾಖ ವಿದ್ಯುತ್ ಕೇಂದ್ರ ಆರಂಭವಾಗುವ ತನಕ ರಾಜ್ಯದ ವಿದ್ಯುತ್ತು ಬಹುಮಟ್ಟಿಗೆ ನೀರಿನದೇ, ಅದರಲ್ಲೂ ಶರಾವತಿಯದು. ಲಿಂಗನಮಕ್ಕಿಗೆ ನೀರು ಬರದ ವರ್ಷ ಬೆಂಗಳೂರಿಗೆ ಬೆಳಕಿಲ್ಲ. ಮುಂದಿನ ದಶಕಗಳಲ್ಲೂ ಬೇಡಿಕೆ ಉತ್ಪಾದನೆಗಿಂತ ಮುಂದೆಯೇ ಓಡಿತು. ಪರೀಕ್ಷೆಯ ಸಮಯದಲ್ಲಿ ಸರಿಯಾಗಿ ಲೋಡ್ ಶೆಡ್ಡಿಂಗ್! ಮೇಣದ ಬತ್ತಿಯಿಂದ ಎಮರ್ಜೆನ್ಸಿ ಲೈಟಿಗೆ, ಅಲ್ಲಿಂದ ಮೆಟ್ಟಿಲ ಕೆಳಗಿನ ಯು.ಪಿ.ಎಸ್.ಗೆ ಮಧ್ಯಮ ವರ್ಗ ಏರಿತು. ಇವುಗಳಲ್ಲಿ ಅನೇಕವು ದೊಡ್ಡ ಕಂಪನಿಯ ಮಾಲಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಟ್ರಾನ್ಸಿಸ್ಟರು, ಹೀಟ್ ಸಿಂಕು, ಟ್ರಾನ್ಸ್‌ಫಾರ್ಮರಿನ ತಗಡು ಎಲ್ಲವೂ ಸಿಗುತ್ತಿದ್ದವು. ತಿಳಿದವರು ಕೊಂಡು ತಂದು ಜೋಡಿಸಿ ನೆರೆಹೊರೆಯವರಿಗೂ ಮಾಡಿಕೊಡುತ್ತಿದ್ದರು. ಪಾಲಿಟೆಕ್ನಿಕ್ ಹುಡುಗರ ಪ್ರಾಜೆಕ್ಟಿಗೂ ಅದೇ, ಗಲ್ಲಿಯ ರೇಡಿಯೋ ರಿಪೇರಿಯವನ ಉಪಜೀವನಕ್ಕೂ ಅದೇ.

ಅಂಥದೊಂದನ್ನು ಮಾಡುವುದು ಹೇಗೆಂದು ಕೂಟದ ಕಿರಿಯರು ಕೇಳುತ್ತಾರೆ. ಓಕ್ ಬ್ರೂಕಿನ ನಮ್ಮ ಗರಾಜಿನಲ್ಲಿ ನಾನೂ ಒಂದನ್ನು ಸುತ್ತಿ ನೋಡಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯಬಹುದು. ಹನ್ನೆರಡು ವೋಲ್ಟಿನ ಕಾರ್ ಬ್ಯಾಟರಿ, ಎರಡು ಬಲವಾದ ಟ್ರಾನ್ಸಿಸ್ಟರು, ನಡುವೆ ಮೂರನೆಯ ತುದಿ ತೆಗೆದ ಒಂದು ಟ್ರಾನ್ಸ್‌ಫಾರ್ಮರು. ಟ್ರಾನ್ಸಿಸ್ಟರುಗಳು ಒಂದಾದ ಮೇಲೊಂದು ತೆರೆದು ಮುಚ್ಚುತ್ತವೆ, ಬ್ಯಾಟರಿಯ ಹರಿವು ಸುರುಳಿಯ ಒಂದು ಅರ್ಧದಲ್ಲಿ ಆ ಕಡೆಗೆ, ಇನ್ನೊಂದು ಅರ್ಧದಲ್ಲಿ ಈ ಕಡೆಗೆ ನುಗ್ಗುತ್ತದೆ. ಮೊಸರು ಕಡೆಯುವ ಹಗ್ಗವನ್ನು ಇಬ್ಬರು ಸರದಿಯಿಂದ ಎಳೆದ ಹಾಗೆ.

ಸುತ್ತು ಎಷ್ಟು ಎಂಬುದೇ ಮುಖ್ಯ. ಕಬ್ಬಿಣದ ತಗಡುಗಳ ನಡುಗಂಬದ ಅಡ್ಡಕೊಯ್ತ 10 ಚದರ ಸೆಂಟಿಮೀಟರ್ ಇದ್ದರೆ ಸುಮಾರು 100 ವಾಟ್ ಹೊರುತ್ತದೆ. ಕಬ್ಬಿಣವನ್ನು 1.2 ಟೆಸ್ಲಾ ಕಾಂತತೆಯವರೆಗೆ ದುಡಿಸಿದರೆ, ಇಲ್ಲಿನ 60 ಆವರ್ತಕ್ಕೆ ಪ್ರತಿ ವೋಲ್ಟಿಗೆ ಮೂರು ಸುತ್ತಿಗಿಂತ ಸ್ವಲ್ಪ ಹೆಚ್ಚು ಬೇಕು, ಊರಿನ 50 ಆವರ್ತಕ್ಕೆ ಮೂರೂ ಮುಕ್ಕಾಲು. ಶಿವನಸಮುದ್ರದ ಯಂತ್ರಗಳು ಓಡುತ್ತಿದ್ದುದು 25 ಆವರ್ತದಲ್ಲಿ. ಅಲ್ಲಿಗೆ ಏಳೂವರೆ ಸುತ್ತು. ಆವರ್ತ ಕಡಿಮೆಯಾದಷ್ಟೂ ತಾಮ್ರ ಹೆಚ್ಚು, ಕಬ್ಬಿಣ ಹೆಚ್ಚು. ಆನೆಗಳಿಗೆ ಯಾಕೆ ಅಷ್ಟು ಕೆಲಸ ಬಿತ್ತೆಂಬುದಕ್ಕೆ ಇದೂ ಒಂದು ಕಾರಣ.

ಪರೀಕ್ಷೆಯ ಕ್ರಮ ನಮ್ಮೂರಿನ ಲೈನ್‌ಮನ್‌ಗಳಿಗೆ ಗೊತ್ತಿರುವುದೇ. ಹೊಸದಾಗಿ ಸುತ್ತಿದ ಟ್ರಾನ್ಸ್‌ಫಾರ್ಮರನ್ನು ಒಮ್ಮೆಗೇ ಮೈನ್ಸಿಗೆ ಕೊಡಬಾರದು. ಹಳೆಯ ತಂತಿ ಬಲ್ಬೊಂದನ್ನು ಸೀರೀಸಿನಲ್ಲಿಟ್ಟು ಕೊಡಬೇಕು. ಒಳಗೆ ಸುತ್ತುಗಳು ಒಂದಕ್ಕೊಂದು ತಾಗಿದ್ದರೆ ಬಲ್ಬು ಪ್ರಖರವಾಗಿ ಉರಿಯುತ್ತದೆ, ಸರಿಯಿದ್ದರೆ ಮಂಕಾಗಿರುತ್ತದೆ. ಮುಂದೆ ಹೊರೆಯಿಲ್ಲದೆ ಅರ್ಧ ಗಂಟೆ ಓಡಿಸಿ, ಸ್ವಿಚ್ ತೆಗೆದು, ಕಬ್ಬಿಣವನ್ನು ಮುಟ್ಟಿ ನೋಡುವುದು. ಕೊನೆಗೆ ಬಲ್ಬುಗಳನ್ನು ಒಂದೊಂದಾಗಿ ಸೇರಿಸಿ ವೋಲ್ಟೇಜು ಎಲ್ಲಿ ಕುಸಿಯುತ್ತದೆಂದು ಬರೆದಿಡುವುದು. ನೂರು ವಾಟ್ ಹೊರೆಗೆ ಬ್ಯಾಟರಿಯಿಂದ ಹತ್ತು ಆಂಪಿಯರ್ ಮೀರಿ ಹೋಗುತ್ತದೆ, ಆದ್ದರಿಂದ ಬ್ಯಾಟರಿಯ ಕಡೆಯ ತಂತಿ ದಪ್ಪವಿರಬೇಕು, ಫ್ಯೂಸ್ ಅಲ್ಲಿಯೇ ಇರಬೇಕು. ಸೀಸದ ಬ್ಯಾಟರಿ ಚಾರ್ಜಾಗುವಾಗ ಜಲಜನಕ ಹೊರಬೀಳುತ್ತದೆ; ಮುಚ್ಚಿದ ಕೋಣೆಯಲ್ಲಿ ಬೇಡ. ಇನ್ನೊಂದು ಮಾತನ್ನು ಅಡಿಗೆರೆ ಎಳೆದು ಓದಬೇಕು. ಕೈಯಿಂದ ಮಾಡಿದ ಇನ್ವರ್ಟರನ್ನು ಮನೆಯ ವೈರಿಂಗಿಗೆ ಸೇರಿಸಲೇಬಾರದು. ಹೊರಗಿನ ಸರಬರಾಜು ನಿಂತಾಗ ಮನೆಯ ವಿದ್ಯುತ್ತು ಹಿಂದಕ್ಕೆ ಹರಿದು, ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟಿಗೆ ಏರಿ, ಕಂಬದ ಮೇಲಿರುವ ಕೆಲಸಗಾರನ ಜೀವ ತೆಗೆಯುತ್ತದೆ. ಏರಿಸುವ ಪೆಟ್ಟಿಗೆಗೂ ಇಳಿಸುವ ಪೆಟ್ಟಿಗೆಗೂ ಭೇದವಿಲ್ಲ. ಅದಕ್ಕೆ ಎರಡು ಕಡೆಯೂ ಬಾಗಿಲು.

ಇಲ್ಲಿನ ಹಿರಿಯ ಸಂಸಾರಗಳಿಗೆ ಈ ಪೆಟ್ಟಿಗೆಯ ಪರಿಚಯ ಇನ್ನೊಂದು ದಾರಿಯಿಂದ ಉಂಟು. ಊರಿನಿಂದ ಸೂಟ್‌ಕೇಸಿನಲ್ಲಿ ಬಂದ ಮಿಕ್ಸಿ, ಅದಕ್ಕಾಗಿ ಕೊಂಡ 110ರಿಂದ 220ಕ್ಕೆ ಏರಿಸುವ ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರು! ಮಿಕ್ಸಿಯ ಮೋಟಾರಿಗೆ ಆವರ್ತದ ಹಂಗಿಲ್ಲ, ಅದು ಸುಖವಾಗಿ ಚಟ್ನಿ ಅರೆಯುತ್ತದೆ. ಗ್ರೈಂಡರಿನ ಮೋಟಾರು ಬೇರೆ ಜಾತಿಯದು. ಇಲ್ಲಿನ 60 ಆವರ್ತಕ್ಕೆ ಐದರಲ್ಲೊಂದು ಪಾಲು ಹೆಚ್ಚು ವೇಗದಿಂದ ಓಡುತ್ತದೆ, ಹಿಟ್ಟು ಬೇಗ ಬಿಸಿಯಾಗುತ್ತದೆ. ಇಲ್ಲಿ 60ಕ್ಕೆ ಲೆಕ್ಕ ಹಾಕಿ ಮಾಡಿದ ಟ್ರಾನ್ಸ್‌ಫಾರ್ಮರನ್ನು ಊರಿಗೆ ಒಯ್ದರೆ ಅದು ಗುಂಯ್ ಎಂದು ಬಿಸಿಯೇರುವುದೂ ಮೇಲಿನ ಸುತ್ತಿನ ಲೆಕ್ಕದಿಂದಲೇ. ಅಲ್ಲಿನ 50ಕ್ಕೆ ಅದರ ಸುತ್ತುಗಳು ಸಾಲವು.

ಟ್ರಾನ್ಸಿಸ್ಟರಿನ ಮನೆ ಇನ್ವರ್ಟರು ನೂರಿನ್ನೂರು ವಾಟಿಗೆ ಸರಿ, ಒಂದು ಊರಿಗೆ ಸಾಲದು. ದೊಡ್ಡ ಹರಿವನ್ನು ತಡೆದು ಬಿಡುವ ಸ್ವಿಚ್ಚು ಬೇಕಾಗಿತ್ತು. ಒಂದು ಜಾತಿಯ ಟ್ರಾನ್ಸಿಸ್ಟರು ಹೆಚ್ಚು ಹರಿವು ಹೊರುತ್ತಿತ್ತು, ಆದರೆ ಅದನ್ನು ತೆರೆದಿಡಲಿಕ್ಕೇ ಬಹಳ ಶಕ್ತಿ ಕೊಡಬೇಕಾಗಿತ್ತು. ಇನ್ನೊಂದು ಜಾತಿ ಬೆರಳು ತಾಗಿಸಿದಷ್ಟರಿಂದ ತೆರೆಯುತ್ತಿತ್ತು, ಆದರೆ ಹೆಚ್ಚಿನ ವೋಲ್ಟೇಜಿನಲ್ಲಿ ತಾನೇ ಶಕ್ತಿಯನ್ನು ನುಂಗುತ್ತಿತ್ತು. ಎರಡರ ಒಳ್ಳೆಯ ಗುಣಗಳನ್ನು ಒಂದೇ ಸಿಲಿಕಾನ್ ಚೂರಿನಲ್ಲಿ ಕೂಡಿಸಿದ ಸಾಧನಕ್ಕೆ ಐ.ಜಿ.ಬಿ.ಟಿ. ಎಂದು ಹೆಸರು. ಅದನ್ನು ರೂಪಿಸಿ ಕಾರ್ಖಾನೆಯ ಮಟ್ಟಕ್ಕೆ ತಂದವರು ಬಂಟ್ವಾಳ ಜಯಂತ ಬಾಳಿಗ. ಹುಟ್ಟಿದ್ದು 1948ರಲ್ಲಿ ಮದರಾಸಿನಲ್ಲಿ, ಬೆಳೆದದ್ದು ಬೆಂಗಳೂರಿನ ಜಾಲಹಳ್ಳಿಯಲ್ಲಿ, ಓದಿದ್ದು ಬಿಷಪ್ ಕಾಟನ್ ಶಾಲೆಯಲ್ಲಿ. ಅವರ ತಂದೆ ಸ್ವಾತಂತ್ರ್ಯಪೂರ್ವ ಭಾರತದ ಮೊದಲ ತಲೆಮಾರಿನ ವಿದ್ಯುತ್ ಎಂಜಿನಿಯರುಗಳಲ್ಲಿ ಒಬ್ಬರು. ಮದರಾಸಿನ ಐ.ಐ.ಟಿ.ಯಿಂದ 1969ರಲ್ಲಿ ಪದವಿ ಪಡೆದು, ಇಲ್ಲಿ ರೆನ್ಸೆಲರ್ ಸಂಸ್ಥೆಯಲ್ಲಿ 1974ರಲ್ಲಿ ಡಾಕ್ಟರೇಟ್ ಮುಗಿಸಿ, ಅವರು ಸೇರಿದ್ದು ಜನರಲ್ ಎಲೆಕ್ಟ್ರಿಕ್ಕಿನ ಸಂಶೋಧನಾಲಯವನ್ನು, ಸ್ಕೆನೆಕ್ಟಡಿಯಲ್ಲಿ. ಶಿವನಸಮುದ್ರಕ್ಕೆ ಯಂತ್ರ ಕಳಿಸಿದ ಕಂಪನಿಯ ಊರಿಗೆ ಎಂಬತ್ತು ವರ್ಷಗಳೊಳಗೆ ಬೆಂಗಳೂರಿನ ಹುಡುಗನೊಬ್ಬ ಹೋಗಿ ಮುಂದಿನ ಪೆಟ್ಟಿಗೆಯ ಹೃದಯವನ್ನು ಮಾಡಿಕೊಟ್ಟ! 1980ರಲ್ಲಿ ಸೂಚನೆ, 1983ರಲ್ಲಿ ಮಾರುಕಟ್ಟೆಯ ವಸ್ತು. ಈ ದಾರಿಯಲ್ಲಿ ಇತರರೂ ನಡೆದಿದ್ದರು, ತೋಶಿಬಾ ಕಂಪನಿಯವರು ಅದನ್ನು ಇನ್ನಷ್ಟು ಗಟ್ಟಿ ಮಾಡಿದರು; ಅದನ್ನು ಮರೆಯಬಾರದು. ಬಾಳಿಗರಿಗೆ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕವನ್ನು 2011ರಲ್ಲಿ ಅಧ್ಯಕ್ಷ ಒಬಾಮ ಪ್ರದಾನ ಮಾಡಿದರು. 2024ರಲ್ಲಿ ಫಿನ್ಲೆಂಡಿನ ಮಿಲೆನಿಯಂ ತಂತ್ರಜ್ಞಾನ ಪ್ರಶಸ್ತಿ ಬಂತು. ನಮ್ಮ ಸಮ್ಮೇಳನಗಳಲ್ಲಿ ಚಿತ್ರನಟರಿಗೆ ಸಿಗುವ ಕೈಚಪ್ಪಾಳೆಯ ಹತ್ತರಲ್ಲೊಂದು ಪಾಲು ಇಂಥವರಿಗೆ ಸಂದಿದ್ದರೆ ನನಗೆ ಸಂತೋಷವಾಗುತ್ತಿತ್ತು.

ಐ.ಜಿ.ಬಿ.ಟಿ. ಮಾಡುವುದಿಷ್ಟೆ: ಡಿ.ಸಿ.ಯನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸುತ್ತದೆ, ತುಂಡುಗಳನ್ನು ಒಮ್ಮೆ ಅಗಲ ಒಮ್ಮೆ ಕಿರಿದು ಮಾಡುತ್ತದೆ. ಸುರುಳಿಯ ಮೂಲಕ ಹಾಯುವಾಗ ಅಂಚುಗಳೆಲ್ಲ ಸವೆದು ನುಣುಪಾದ ಅಲೆಯಾಗುತ್ತದೆ.

ಈ ಪೆಟ್ಟಿಗೆಯನ್ನೇ ಬಿಟ್ಟುಬಿಟ್ಟ ದಾರಿಯೂ ಒಂದಿದೆ, ಅದೂ ಕರ್ನಾಟಕದ್ದೇ. ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಅಸ್ತ್ರ ಕೇಂದ್ರವನ್ನು ಕಟ್ಟಿದ ಅಮೂಲ್ಯ ರೆಡ್ಡಿಯವರು (ಅವರೂ ವಿದ್ಯುದ್ರಸಾಯನದವರು) ಜನಕ್ಕೆ ಬೇಕಾದ್ದು ಕಿಲೋವಾಟ್ ಅಲ್ಲ, ಬೆಳಕು, ಬೆಂದ ಅನ್ನ, ಎತ್ತಿದ ನೀರು ಎಂದು ವಾದಿಸುತ್ತ ಬಂದರು. 1995ರಲ್ಲಿ ಹರೀಶ್ ಹಂದೆ ಅವರು ಜೊತೆಗೂಡಿ ಬೆಂಗಳೂರಿನಲ್ಲಿ ಆರಂಭಿಸಿದ ಸೆಲ್ಕೋ ಸಂಸ್ಥೆ ಬ್ಯಾಂಕ್ ಸಾಲದ ಏರ್ಪಾಟು ಮಾಡಿಸಿ ಬಡವರ ಮನೆಗೆ ಹಾಕಿಸಿದ್ದು ಡಿ.ಸಿ. ದೀಪಗಳನ್ನು. ಎಲ್.ಇ.ಡಿ. ಬಂದ ಮೇಲಂತೂ ಬ್ಯಾಟರಿಯಿಂದ ದೀಪಕ್ಕೆ ನೇರ ದಾರಿ. ಎರಡು ದೀಪಕ್ಕೆ ಇನ್ವರ್ಟರಿನ ಆಡಂಬರ ಏಕೆ? ನನಗೆ ಈ ವಾದ ಸರಿಯೆನಿಸುತ್ತದೆ, ಮನೆಗೆ ಫ್ಯಾನು ಮತ್ತು ಮಿಕ್ಸಿ ಬರುವವರೆಗೆ.

ಪಾವಗಡದಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ. ತುಮಕೂರು ಜಿಲ್ಲೆಯ ಆ ಬರಗಾಲದ ತಾಲ್ಲೂಕಿನಲ್ಲಿ, ತಿರುಮಣಿ, ವಳ್ಳೂರು, ಬಾಲಸಮುದ್ರ ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೌರ ಫಲಕಗಳು ಹರಡಿವೆ. 2018ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು, 2019ರ ಕೊನೆಗೆ 2,050 ಮೆಗಾವಾಟ್ ಪೂರ್ತಿಯಾಯಿತು. 1902ರಲ್ಲಿ ಗಣಿಗೆ ಹೋದ ಶಕ್ತಿಯ ಸುಮಾರು 680 ಪಟ್ಟು, ಬಿಸಿಲಿರುವಾಗ ಮಾತ್ರ. ಹೊಲಗಳ ನಡುವೆ ಸಾಲಾಗಿ ಇನ್ವರ್ಟರ್ ಮನೆಗಳು, ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರುಗಳು. ಅರ್ಧ ವೋಲ್ಟಿನಿಂದ ಹೊರಟದ್ದು ಹಂತಹಂತವಾಗಿ 2,20,000 ಮತ್ತು 4,00,000 ವೋಲ್ಟಿಗೆ ಏರಿ ಹೊರಟುಹೋಗುತ್ತದೆ. ಜಮೀನನ್ನು ಸರ್ಕಾರ ಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡಿತು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ. ಜಮೀನಿದ್ದವರಿಗೆ ಇದು ಕಡಲೆಕಾಯಿ ಬೆಳೆಗಿಂತ ಭದ್ರ. ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆ ಹಣ ಬರುವುದಿಲ್ಲ. ಫಲಕ ಒರೆಸುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿದೆ.

ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ವೈಂಡಿಂಗ್ ಅಂಗಡಿಯವನು ಹಳೆಯ ತಂತಿ ಬಿಚ್ಚಿ, ಸುತ್ತು ಎಣಿಸಿ, ಎರಡು ದಿನದಲ್ಲಿ ಹೊಸದು ಸುತ್ತಿ ಕೊಡುತ್ತಾನೆ. ಟಿ.ಸಿ. ಸುಟ್ಟರೂ ರಿಪೇರಿಯ ಶೆಡ್ಡುಗಳಿವೆ, ಹೊಸದನ್ನು ಮಾಡುವ ಕಾರ್ಖಾನೆಗಳು ರಾಜ್ಯದಲ್ಲಿಯೇ ಇವೆ. ಇನ್ವರ್ಟರಿನೊಳಗಿನ ಐ.ಜಿ.ಬಿ.ಟಿ. ಸುಟ್ಟರೆ ಅದನ್ನು ಬಿಚ್ಚಿ ಸರಿಪಡಿಸುವ ಕೈ ಯಾವ ಪೇಟೆಯಲ್ಲಿಯೂ ಇಲ್ಲ. ಇಡೀ ಬಿಲ್ಲೆಯನ್ನು ತೆಗೆದು ಇನ್ನೊಂದನ್ನು ಕೂರಿಸಬೇಕು, ಆ ಇನ್ನೊಂದು ಬಹುಪಾಲು ಹಡಗಿನಲ್ಲೋ ವಿಮಾನದಲ್ಲೋ ಹೊರದೇಶದಿಂದಲೇ ಬರಬೇಕು. ಬಾಳಿಗರು ಅದನ್ನು ರೂಪಿಸಿದ ಜನರಲ್ ಎಲೆಕ್ಟ್ರಿಕ್ ಕೂಡ ತನ್ನ ಸೆಮಿಕಂಡಕ್ಟರ್ ವಿಭಾಗವನ್ನು 1988ರಲ್ಲಿ ಹ್ಯಾರಿಸ್ ಕಂಪನಿಗೆ ಮಾರಿಬಿಟ್ಟಿತು. ಅದೇ ವರ್ಷ ಬಾಳಿಗರು ಸ್ಕೆನೆಕ್ಟಡಿ ಬಿಟ್ಟು ನಾರ್ತ್ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರಾಗಿ ಹೋದರು.